ಕಿಲಿಮಂಜಾರೋದ ಕಾಡು, ನಮ್ಮನೆಯ ಅಬ್ಬಿ

ಬ್ಲಾಗಿನ ಕಡೆ ತಲೆ ಹಾಕದೆ ತಿಂಗಳುಗಳೇ ಆದವು. "ಕಿಲಿಮಂಜಾರೋಗೆ ಹೋಗಿ ಬಂದು ನಾಲ್ಕು ಫೋಟೋ ಹಾಕಿ ಸುಮ್ಮನಾಗಿಬಿಟ್ಯಲ್ಲ, ಬರಿ ಮಾರಾಯ" ಅಂತ ಮೂರ್ನಾಲ್ಕು ಜನ ಬ್ಲಾಗಿಗ ಗೆಳೆಯರು ಬೈದ ಮೇಲೆ ಇವತ್ತು ಕೀಬೋರ್ಡ್ ಹಿಡಿದಿದ್ದೇನೆ. ಬರಹ ಸ್ವಲ್ಪ ಉದ್ದ ಆಗುತ್ತೆ. ಒಂದು ಲೋಟ ಕಾಫಿ ಮಾಡ್ಕೊಂಡು ಬಂದು ಕೂತ್ಕೊಳ್ಳಿ. ಕಾಫಿ ವಿಷಯವೂ ಇದೆ :)

ಹೊಸದಾಗಿ ಬಂದವರಿಗೆ ಹೇಳಬೇಕು: ನನ್ನೂರು ಮೂಡಿಗೆರೆ ತಾಲ್ಲೂಕಿನ ಜಾವಳಿ. ಕೊಟ್ಟಿಗೆಹಾರ, ಕಳಸದ ಕಡೆಯ ಗುಡ್ಡಗಳ ನಡುವೆ ಇದೆ. ಹೇಮಾವತಿ ಹುಟ್ಟೋದು ನಮ್ಮೂರಲ್ಲೇ. ಹಾಸನದವರು, ಗೊರೂರು ಡ್ಯಾಮ್ ಕೆಳಗಿನವರು ಕುಡಿಯೋ ಹೊಳೆ ನಮ್ಮಲ್ಲಿ ಎಳೆ ಮಗುವಿನ ಹಾಗೆ ಇರುತ್ತೆ, ಒಂದು ಹೆಜ್ಜೆಯಲ್ಲಿ ದಾಟಬಹುದು. ಮೇಲೆ ಬಲ್ಲಾಳರಾಯನದುರ್ಗ. ದುರ್ಗದ ಈಚೆ ಬಿದ್ದ ಮಳೆ ಹೇಮಾವತಿ ಸೇರಿ ಕಾವೇರಿಯ ಜೊತೆ ಬಂಗಾಳ ಕೊಲ್ಲಿಗೆ ಹೋಗುತ್ತೆ. ಆಚೆ ಬಿದ್ದದ್ದು ಬಂಡಾಜೆ ಅರ್ಬಿಯಲ್ಲಿ ಧುಮುಕಿ ನೇತ್ರಾವತಿ ಸೇರಿ ಅರಬ್ಬಿ ಸಮುದ್ರಕ್ಕೆ. ಚಿಕ್ಕಂದಿನಿಂದ ಇದನ್ನು ನೋಡಿಕೊಂಡೇ ಬೆಳೆದದ್ದು. ಆಮೇಲೆ ಇಂಜಿನಿಯರಿಂಗ್, ಆಮೇಲೆ ಬೆಂಗಳೂರು, ಆಮೇಲೆ ಎಲ್ಲರ ಹಾಗೆ ಸಾಫ್ಟ್‌ವೇರು.

ನಮ್ಮ ಆಫೀಸಿನಲ್ಲಿ ನಾಲ್ಕು ಜನರ ಒಂದು ಟ್ರೆಕ್ಕಿಂಗ್ ಗ್ಯಾಂಗ್ ಇದೆ. ಕುಮಾರಪರ್ವತ, ಕುದುರೆಮುಖ, ಎತ್ತಿನಭುಜ ಎಲ್ಲ ಮುಗಿಸಿದ ಮೇಲೆ ಒಬ್ಬನಿಗೆ ಕಿಲಿಮಂಜಾರೋ ಹುಚ್ಚು ಹಿಡಿಯಿತು. ಆಫ್ರಿಕಾದ ಅತಿ ಎತ್ತರದ ಬೆಟ್ಟ, 5895 ಮೀಟರ್. ಜ್ವಾಲಾಮುಖಿ. ಭೂಮಧ್ಯರೇಖೆಯಿಂದ ಬರೀ ಮೂರು ಡಿಗ್ರಿ ದಕ್ಷಿಣಕ್ಕಿದ್ದರೂ ತಲೆ ಮೇಲೆ ಹಿಮ. ಹಗ್ಗ ಹಿಡಿದು ಹತ್ತುವ ಕಸರತ್ತು ಬೇಡ, ಕಾಲು ಮತ್ತು ಶ್ವಾಸಕೋಶ ಗಟ್ಟಿಯಿದ್ದರೆ ಸಾಕು. ಎರಡು ವರ್ಷ ದುಡ್ಡು ಕೂಡಿಸಿ, 2025ರ ಫೆಬ್ರವರಿಗೆ ಟಿಕೆಟ್ ಮಾಡಿಸಿದೆವು.

ಊರಿಗೆ ಫೋನ್ ಮಾಡಿ ಹೇಳಿದಾಗ ಅಪ್ಪ ಅಂದದ್ದು ಇಷ್ಟು: "ಕಾಫಿ ಕೊಯ್ಲಿನ ಟೈಮಲ್ಲಿ ಗುಡ್ಡ ಹತ್ತೋಕೆ ಆಫ್ರಿಕಾಕ್ಕೆ ಹೋಗ್ಬೇಕಾ? ಮನೆ ಹಿಂದೆ ಇರೋದೇನು ಹಾಗಾದ್ರೆ?"

*

ನಾವು ಹೋದದ್ದು ಮರಂಗು ದಾರಿಯಲ್ಲಿ. ಬೆಟ್ಟದ ಬುಡದ ಮೋಶಿ ಪಟ್ಟಣದಿಂದ ಮರಂಗುವಿಗೆ ಜೀಪಿನಲ್ಲಿ ಹೋಗುವಾಗ ಕಿಟಕಿಯಿಂದ ಹೊರಗೆ ನೋಡಿ ನಾನು ಬೆಪ್ಪಾದೆ. ಎರಡೂ ಕಡೆ ಬಾಳೆ, ಬಾಳೆಯ ಕೆಳಗೆ ಅರೇಬಿಕಾ ಕಾಫಿ ಗಿಡ, ಮೇಲೆ ದೊಡ್ಡ ನೆರಳು ಮರ, ಸಂದಿಯಲ್ಲಿ ಗೆಡ್ಡೆಗೆಣಸು, ಮನೆ ಪಕ್ಕದಲ್ಲಿ ಎರಡು ದನ. ಮಣ್ಣು ಕೆಂಪು. ಬೋರ್ಡುಗಳ ಮೇಲಿನ ಅಕ್ಷರ ಮುಚ್ಚಿಬಿಟ್ಟರೆ ಬಾಳೂರು, ಕೆಳಗೂರು ಕಡೆ ಹೋಗ್ತಿದ್ದೀವಿ ಅನ್ನಬಹುದಿತ್ತು. ಅಲ್ಲಿನ ಚಗ್ಗಾ ಜನ ಈ ಮನೆತೋಟಕ್ಕೆ ಕಿಹಂಬಾ ಅಂತಾರೆ. ಅಪ್ಪನಿಂದ ಮಗನಿಗೆ ಬರುವ ಆಸ್ತಿ, ಪಾಲಾಗಿ ಪಾಲಾಗಿ ಈಗ ತುಂಬಾ ಸಣ್ಣ ಸಣ್ಣ ತುಂಡುಗಳು. ಇದೂ ನಮ್ಮ ಕಥೆಯೇ.

ಗೈಡ್ ಮರಂಗುವಿನವನೇ, ನಲವತ್ತರ ಆಸುಪಾಸು. ನಮ್ಮನೆಯಲ್ಲೂ ಕಾಫಿ ತೋಟ ಇದೆ ಅಂದಿದ್ದೇ ತಡ, ಬೆಟ್ಟದ ವಿಷಯ ಬಿಟ್ಟು ಕಾಫಿ ವಿಷಯಕ್ಕೆ ಬಂದ. ಯಾವ ತಳಿ, ಎಷ್ಟು ನೆರಳು, ರೇಟ್ ಎಷ್ಟು, ಕೂಲಿ ಎಷ್ಟು. ಎರಡು ಗಂಟೆ ಇದೇ ಮಾತು. ಉಳಿದ ಮೂವರಿಗೆ ಬೋರೋ ಬೋರು. ಕಿಲಿಮಂಜಾರೋ ಸೀಮೆಗೆ ಕಾಫಿ ತಂದವರು ಕ್ಯಾಥೊಲಿಕ್ ಪಾದ್ರಿಗಳು, 19ನೇ ಶತಮಾನದ ಕೊನೆಗೆ. ನಮ್ಮ ಬಾಬಾಬುಡನ್ ಏಳು ಬೀಜ ತಂದ ಕಥೆಗಿಂತ ಇನ್ನೂರು ವರ್ಷ ಈಚೆಗೆ. ಆಮೇಲೆ ಒಂದು ಸ್ವಾರಸ್ಯ ಇದೆ. ಕಳೆದ ಶತಮಾನದ ಆರಂಭದಲ್ಲಿ ನಮ್ಮ ಮೈಸೂರು ಸೀಮೆಯ ತೋಟವೊಂದರಲ್ಲಿ ಕೆಂಟ್ ಅನ್ನುವ ಇಂಗ್ಲಿಷ್ ಪ್ಲಾಂಟರ್ ಎಲೆ ತುಕ್ಕು ರೋಗ ತಡೆಯುವ ಒಂದು ಗಿಡ ಆರಿಸಿದ. 'ಕೆಂಟ್ಸ್' ಅಂತಲೇ ಆ ತಳಿಗೆ ಹೆಸರಾಯಿತು, ನಮ್ಮಲ್ಲಿನ ಹಳಬರಿಗೆ ಗೊತ್ತಿರುತ್ತೆ. ಅದೇ ಕೆಂಟ್ಸ್ ಟಾಂಗನ್ಯಿಕಾಕ್ಕೆ ಹೋಗಿ, ಮೋಶಿ ಹತ್ತಿರದ ಲ್ಯಾಮುಂಗು ಸಂಶೋಧನಾ ಕೇಂದ್ರದಲ್ಲಿ ಅದರಿಂದ ಕೆಪಿ 423 ಅನ್ನುವ ತಳಿ ಹೊರಬಂತು. ನಾನು ದಾರಿಯಲ್ಲಿ ನೋಡಿದ ಗಿಡಗಳಲ್ಲಿ ಎಷ್ಟೋ ನಮ್ಮ ಕಡೆಯ ಗಿಡದ ಮೊಮ್ಮಕ್ಕಳೇ ಇದ್ದಿರಬೇಕು.

ಅಲ್ಲಿ ಬಾಳೆಹಣ್ಣಿನ ಜೊತೆ ಹಾಕಿ ಎಂಬೆಗೆ ಅನ್ನೋ ಹೆಂಡ ಮಾಡುವ ಧಾನ್ಯ ಯಾವುದು ಅಂದುಕೊಂಡಿದ್ದೀರಿ? ರಾಗಿ! ರಾಗಿಯ ತವರು ಪೂರ್ವ ಆಫ್ರಿಕಾವೇ. ಕಾಫಿ ನಾವು ಕೊಟ್ಟೆವು, ರಾಗಿ ಅವರು ಕೊಟ್ಟರು, ಲೆಕ್ಕ ಚುಕ್ತಾ :)

*

ಮರಂಗು ಗೇಟ್ ಇರೋದು ಹೆಚ್ಚುಕಡಿಮೆ ಮುಳ್ಳಯ್ಯನಗಿರಿಯ ತುದಿಯಷ್ಟು ಎತ್ತರದಲ್ಲಿ. ಕರ್ನಾಟಕದ ಅತಿ ಎತ್ತರದ ಜಾಗ ಎಲ್ಲಿ ಮುಗಿಯುತ್ತೋ ಅಲ್ಲಿಂದ ಕಿಲಿಮಂಜಾರೋ ಹತ್ತೋದು ಶುರು. ಇನ್ನು ನಾಲ್ಕು ಕಿಲೋಮೀಟರ್ ನೆಟ್ಟಗೆ ಮೇಲಕ್ಕೆ.

ಮೊದಲ ದಿನ ಪೂರ್ತಿ ಕಾಡು. ಮರಕ್ಕೆಲ್ಲ ಪಾಚಿ, ಪಾಚಿಯಿಂದ ತೊಟತೊಟ ನೀರು, ಜರೀಗಿಡ, ಕಪ್ಪು-ಬಿಳಿ ಕೊಲೊಬಸ್ ಮಂಗಗಳು. ಮಳೆ ಬರ್ತಿರಲಿಲ್ಲ, ಆದರೂ ಎಲ್ಲ ಒದ್ದೆ. ಮಂಜು ಬಂದು ಎಲೆಗೆ ತಾಗಿ ಹನಿಯಾಗಿ ಬೀಳ್ತಿತ್ತು. ನನಗೆ ದುರ್ಗದ ಕೆಳಗಿನ ಶೋಲಾ ಕಾಡಿನೊಳಗೆ ಹೋದ ಹಾಗೇ ಅನ್ನಿಸಿತು. ಒಂದೇ ವ್ಯತ್ಯಾಸ ಅಂದರೆ ಸಂಜೆ ಬೂಟು ಬಿಚ್ಚಿದರೆ ಒಂದೂ ಇಂಬಳ ಇಲ್ಲ! ರಾತ್ರಿ 2700 ಮೀಟರಿನ ಮಂದಾರಾ ಹಟ್‌ನಲ್ಲಿ.

ಎರಡನೇ ದಿನ ಕಾಡು ಮುಗಿದು ಎರಿಕಾ ಪೊದೆಗಳು, ಆಮೇಲೆ ಹುಲ್ಲುಗಾವಲು. 3700 ಮೀಟರಿನ ಹೊರೊಂಬೊ ಹಟ್ ಹತ್ತಿರ ದೈತ್ಯ ಸೆನೆಸಿಯೋ ಗಿಡಗಳು. ಕಂಬದಂಥ ಕಾಂಡ, ತುದಿಯಲ್ಲಿ ದೊಡ್ಡ ಕೋಸುಗೆಡ್ಡೆ ಇಟ್ಟ ಹಾಗೆ. ಒಣಗಿದ ಎಲೆ ಉದುರಿಸದೆ ಕಾಂಡಕ್ಕೇ ಕಂಬಳಿ ಥರ ಸುತ್ತಿಕೊಂಡಿರುತ್ತೆ. ಪಕ್ಕದಲ್ಲೇ ಲೊಬೆಲಿಯಾ, ರಾತ್ರಿ ಎಲೆ ಮುಚ್ಚಿಕೊಂಡು ಒಳಗಿನ ಮೊಗ್ಗನ್ನ ಚಳಿಯಿಂದ ಕಾಯುತ್ತೆ. ಹಗಲು ಬೇಸಿಗೆ, ರಾತ್ರಿ ಚಳಿಗಾಲ, ವರ್ಷವಿಡೀ ಹೀಗೇ. ಭೂಮಧ್ಯರೇಖೆಯ ಬೆಟ್ಟದ ಗುಣವೇ ಅದಂತೆ.

ಇಲ್ಲಿ ಒಂದು ದಿನ ಹೆಚ್ಚಿಗೆ ನಿಂತೆವು, ದೇಹ ಹೊಂದಿಕೊಳ್ಳಲಿ ಅಂತ. ಗೈಡ್ ದಿನಾ ಸಂಜೆ ಬೆರಳಿಗೆ ಕ್ಲಿಪ್ ಹಾಕಿ ಆಮ್ಲಜನಕ ನೋಡ್ತಿದ್ದ. "ಪೋಲೆ ಪೋಲೆ" ಅನ್ನೋದು ಅವನ ಮಂತ್ರ, ನಿಧಾನ ನಿಧಾನ ಅಂತ. ನಾವು ಹೀಗೆ ಆಮೆ ನಡಿಗೆ ಹಾಕುವಾಗ ಪೋರ್ಟರುಗಳು ತಲೆ ಮೇಲೆ 20 ಕೆಜಿ ಹೊತ್ತು, "ಜಾಂಬೋ" ಅಂತ ನಗ್ತಾ ದಾಟಿಕೊಂಡು ಹೋಗೋರು. ನಾವು ನಾಲ್ಕು ಜನ ಬೆಟ್ಟ ಹತ್ತೋಕೆ ನಮ್ಮ ಹಿಂದೆ ಮುಂದೆ ಹದಿಮೂರು ಜನ. ಪೋರ್ಟರುಗಳಲ್ಲಿ ಹೆಚ್ಚಿನವರು ಬೆಟ್ಟದ ಬುಡದ ಕಾಫಿ ಮನೆಗಳ ಹುಡುಗರೇ. ಪಾಲಿಗೆ ಬಂದ ತುಂಡು ಸಾಲದೆ ಹೊರೆ ಹೊರೋಕೆ ಬಂದವರು. ನಾನು ತೋಟ ಸಾಲದೆ ಕೋಡ್ ಬರೆಯೋಕೆ ಹೋದೆ, ಅಷ್ಟೇ.

ಆಮೇಲಿನದು ಮರುಭೂಮಿ. ಮವೆಂಝಿ ಮತ್ತು ಕಿಬೋ ಅನ್ನೋ ಎರಡು ಶಿಖರಗಳ ನಡುವೆ ಒಂದು ಹುಲ್ಲು ಕಡ್ಡಿಯೂ ಇಲ್ಲದ ಬಯಲು. 4700 ಮೀಟರಿನ ಕಿಬೋ ಹಟ್‌ನಲ್ಲಿ ನಮ್ಮಲ್ಲಿ ಒಬ್ಬನಿಗೆ ವಾಂತಿ ನಿಲ್ಲದೆ ಕೆಳಗೆ ಕಳಿಸಬೇಕಾಯಿತು. ಮಧ್ಯರಾತ್ರಿಗೆ ಎದ್ದು ಉಳಿದವರು ಹೊರಟೆವು. ಹೆಡ್‌ಲ್ಯಾಂಪಿನ ಬೆಳಕಲ್ಲಿ ಮುಂದಿನವನ ಹಿಮ್ಮಡಿ ನೋಡ್ತಾ, ಜಾರುವ ಕಲ್ಲುಪುಡಿಯಲ್ಲಿ ಎರಡು ಹೆಜ್ಜೆ ಮೇಲೆ, ಒಂದು ಹೆಜ್ಜೆ ಕೆಳಗೆ. ಬಾಟಲಿ ನೀರು ಹೆಪ್ಪುಗಟ್ಟಿತು. ಬೆಳಗಿನ ಹೊತ್ತಿಗೆ ಗಿಲ್ಮನ್ಸ್ ಪಾಯಿಂಟ್, ಅಂದರೆ ಜ್ವಾಲಾಮುಖಿಯ ಬಾಯಿಯ ಅಂಚು. ಅಂಚು ಹಿಡಿದು ಇನ್ನೂ ಎರಡು ಗಂಟೆ ನಡೆದ ಮೇಲೆ ಉಹುರು. ಸಮುದ್ರ ಮಟ್ಟದಲ್ಲಿ ಸಿಗುವ ಆಮ್ಲಜನಕದ ಅರ್ಧ ಮಾತ್ರ ಅಲ್ಲಿ ಸಿಗೋದು. ಖುಷಿಯೋ ಏನೋ ಗೊತ್ತಾಗದಷ್ಟು ಸುಸ್ತು. ಬೋರ್ಡಿನ ಮುಂದೆ ನಿಂತು ಫೋಟೋ, ಹತ್ತು ನಿಮಿಷ, ಅಷ್ಟೇ.

ಇಲ್ಲೊಂದು ಸಣ್ಣ ಅಡ್ಡಮಾತು. ನಮ್ಮ ಬಾಬಾಬುಡನ್‌ಗಿರಿ ಸಾಲು ಕುದುರೆ ಲಾಳದ ಆಕಾರದಲ್ಲಿದೆಯಲ್ಲ, ಅದಕ್ಕೇ ಚಂದ್ರದ್ರೋಣ ಅಂತ ಹೆಸರು. ಅದನ್ನು ನೋಡಿ "ಇದು ಹಳೇ ಜ್ವಾಲಾಮುಖಿಯ ಬಾಯಿ" ಅನ್ನೋರಿದ್ದಾರೆ. ಆಕಾರ ಹಾಗೆ ಬಂದದ್ದು ಬಂಡೆಪದರ ಮಡಚಿ, ಸವೆದು. ಆದರೆ ಆ ಪದರಗಳಲ್ಲಿ ನಿಜವಾಗಿಯೂ ಲಾವಾ ಇದೆ, ಸುಮಾರು 270ರಿಂದ 290 ಕೋಟಿ ವರ್ಷ ಹಿಂದೆ ಹರಿದದ್ದು. ಕಿಲಿಮಂಜಾರೋ ಹುಟ್ಟಿದ್ದು ಬರೀ 25 ಲಕ್ಷ ವರ್ಷದ ಹಿಂದೆ. ಅದರ ಬಾಯಲ್ಲಿ ಈಗಲೂ ಗಂಧಕದ ಹೊಗೆ ಸಣ್ಣಗೆ ಬರುತ್ತೆ. ನಮ್ಮ ಗುಡ್ಡಗಳ ಮುಂದೆ ಅದು ತೊಟ್ಟಿಲ ಕೂಸು.

*

ತುದಿಯಲ್ಲಿ ಎಲ್ಲರೂ ನೋಡೋದು ಹಿಮದ ಗೋಡೆಗಳನ್ನ. 1848ರಲ್ಲಿ ರೆಬ್‌ಮನ್ ಅನ್ನುವ ಜರ್ಮನ್ ಪಾದ್ರಿ ಇಲ್ಲಿ ಹಿಮ ಇದೆ ಅಂದಾಗ ಯುರೋಪಿನ ಭೂಗೋಳ ಪಂಡಿತರು ನಕ್ಕಿದ್ದರಂತೆ, ಭೂಮಧ್ಯರೇಖೆ ಹತ್ತಿರ ಎಲ್ಲಿಯ ಹಿಮ ಅಂತ. 1912ರಲ್ಲಿ ಅಳೆದಾಗ ಸುಮಾರು 12 ಚದರ ಕಿಲೋಮೀಟರ್ ಇದ್ದದ್ದು 2011ರ ಹೊತ್ತಿಗೆ ಎರಡಕ್ಕಿಂತ ಕಡಿಮೆ. ನಾನು ನೋಡಿದ್ದು ಅಲ್ಲೊಂದು ಇಲ್ಲೊಂದು ಬಿಳಿ ತುಂಡು.

ಇಳಿಯುವಾಗ ಗೈಡನ್ನ ಕೇಳಿದೆ: "ಈ ಹಿಮ ಪೂರ್ತಿ ಹೋದರೆ ನಿಮ್ಮೂರಿಗೆ ನೀರು?" ಅವನು ನಕ್ಕುಬಿಟ್ಟ. ಬರುವವರೆಲ್ಲ ಇದನ್ನೇ ಕೇಳ್ತಾರಂತೆ. "ನಮ್ಮ ನೀರು ಇಲ್ಲಿಂದ ಬರೋದಲ್ಲ, ನೀನು ಮೊದಲ ದಿನ ನಡೆದೆಯಲ್ಲ, ಅಲ್ಲಿಂದ" ಅಂದ.

ಬೆಂಗಳೂರಿಗೆ ಬಂದ ಮೇಲೆ ಇದರ ಬಗ್ಗೆ ಓದಿದೆ. ಅವನು ಹೇಳಿದ್ದು ಅಕ್ಷರಶಃ ನಿಜ. ಮೇಲಿನ ಹಿಮ ಬಹುಪಾಲು ಕರಗಿ ಹರಿಯೋದೂ ಇಲ್ಲ, ಒಣ ಗಾಳಿಗೆ ನೇರ ಆವಿಯಾಗಿ ಹೋಗುತ್ತೆ. ಬೆಟ್ಟದಿಂದ ಇಳಿಯುವ ನೀರಿನಲ್ಲಿ ಶೇಕಡಾ 90ಕ್ಕೂ ಹೆಚ್ಚು ಹುಟ್ಟೋದು ಕಾಡಿನ ಪಟ್ಟಿಯಲ್ಲಿ. ಮಳೆ ಅತಿ ಹೆಚ್ಚು ಬೀಳೋದು ಅಲ್ಲೇ. ಜೊತೆಗೆ ಮರ, ಪಾಚಿ ಸೇರಿ ಮಂಜನ್ನ ಹಿಡಿದು ನೆಲಕ್ಕೆ ಹನಿಸುತ್ತವೆ. ಆಂಡ್ರಿಯಾಸ್ ಹೆಂಪ್ ಅನ್ನುವ ಜರ್ಮನ್ ಸಸ್ಯವಿಜ್ಞಾನಿ ದಶಕಗಳ ಕಾಲ ಅಲ್ಲಿ ಕೆಲಸ ಮಾಡಿದ್ದಾರೆ. ಅವರು ಹೇಳೋದು, ಬೆಂಕಿ ಬಿದ್ದು ಮೇಲಂಚಿನ ಎರಿಕಾ ಕಾಡು ಹೋದದ್ದರಿಂದ ಆದ ನೀರಿನ ನಷ್ಟದ ಮುಂದೆ ಹಿಮ ಕರಗಿದ ನಷ್ಟ ಏನೇನೂ ಅಲ್ಲ ಅಂತ. 2020ರ ಅಕ್ಟೋಬರ್‌ನಲ್ಲೂ ದೊಡ್ಡ ಬೆಂಕಿ ಬಿದ್ದಿತ್ತು. ಹಿಮದ ಫೋಟೋ ಜಗತ್ತೆಲ್ಲ ಓಡಾಡುತ್ತೆ, ಸುಟ್ಟ ಪೊದೆಯ ಫೋಟೋ ಯಾರು ನೋಡ್ತಾರೆ?

ಚಗ್ಗಾ ಜನರು ಕಾಡಿನ ಹೊಳೆಗಳಿಂದ ಮನೆತೋಟಕ್ಕೆ ಕಾಲುವೆ ತೋಡಿಕೊಂಡು ನೂರಾರು ವರ್ಷ ಆಯಿತು. ಎಂಫೊಂಗೊ ಅಂತಾರೆ. ಗುಡ್ಡದ ಮೈ ಬಳಸಿಕೊಂಡು ಮೈಲಿಗಟ್ಟಲೆ ಬರುತ್ತೆ, ಯಾರ ತೋಟಕ್ಕೆ ಯಾವ ಹೊತ್ತು ಅಂತ ಸರದಿ ಇದೆ. ವಾಪಸ್ ಬರುವ ದಿನ ಗೈಡ್ ಮನೆಗೆ ಕರೆದುಕೊಂಡು ಹೋಗಿ ತೋರಿಸಿದ. ಕಾಲುವೆಯಲ್ಲಿ ಪಾದ ಮುಳುಗುವಷ್ಟೂ ನೀರಿರಲಿಲ್ಲ. ಅವನ ಅಪ್ಪನ ಕಾಲದಲ್ಲಿ ಮೊಣಕಾಲಿನವರೆಗೆ ಬರ್ತಿತ್ತಂತೆ. ಯಾಕೆ ಕಡಿಮೆಯಾಯ್ತು ಅಂದದ್ದಕ್ಕೆ ಅವನು ಮೇಲೆ ಕೈ ತೋರಿಸಿದ. ತೋಟಗಳಿಗೂ ಮೇಲಿನ ರಕ್ಷಿತಾರಣ್ಯಕ್ಕೂ ನಡುವೆ ಅರ್ಧ ಮೈಲಿ ಅಗಲದ ಒಂದು ಪಟ್ಟಿ ಇದೆ, 1941ರಲ್ಲಿ ಊರವರ ಸೌದೆ ಸೊಪ್ಪಿಗೆ ಅಂತ ಬಿಟ್ಟದ್ದು. ಒಬ್ಬರು ಒಂದು ಮರ ಅಂತ ಕಡಿದೂ ಕಡಿದೂ ಎಷ್ಟೋ ಕಡೆ ಅದು ಹೆಸರಿಗೆ ಮಾತ್ರ ಕಾಡು.

ಆ ಅರ್ಧ ಮೈಲಿ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಅದಕ್ಕೆ ಕಾರಣ ಇದೆ.

*

ನಮ್ಮ ತೋಟದ ಮೇಲ್ಗಡೆ ಎರಡೆಕರೆ ಕಾಡಿದೆ. ನಮ್ಮ ಹಿಡುವಳಿಯದ್ದೇ. ಅಜ್ಜನ ಕಾಲದಿಂದ ಯಾರೂ ಅದಕ್ಕೆ ಕತ್ತಿ ಇಟ್ಟಿಲ್ಲ. ಅದರೊಳಗಿಂದ ಒಂದು ಅಬ್ಬಿ ಬರುತ್ತೆ. ಹಿಂದೆ ಅಡಿಕೆ ದೋಣಿಯಲ್ಲಿ ಬರ್ತಿತ್ತು, ಈಗ ಪೈಪು. ಮೋಟರಿಲ್ಲ, ಕರೆಂಟ್ ಬಿಲ್ಲಿಲ್ಲ, ಅಡುಗೆ ಮನೆಯ ನಲ್ಲಿಗೆ ತಾನೇ ಬಂದು ಬೀಳುತ್ತೆ. ಮಲೆನಾಡಿನವರಿಗೆ ಇದು ಹೊಸ ವಿಷಯ ಅಲ್ಲ, ಬಯಲುಸೀಮೆ ಗೆಳೆಯರಿಗೆ ಹೇಳಿದರೆ ನಂಬೋದೇ ಇಲ್ಲ.

2024-25ರ ಕೊಯ್ಲಿನಲ್ಲಿ ರೋಬಸ್ಟಾಕ್ಕೆ ಯಾರೂ ಕನಸಲ್ಲೂ ಕಾಣದ ರೇಟು ಬಂತು. ನಮ್ಮದು ಹೆಚ್ಚಿನಂಶ ಅರೇಬಿಕಾ. ಬೋರರ್ ಹುಳ ಹೊಡೆದು ಪ್ರತಿವರ್ಷ ಗಿಡ ಕಿತ್ತು ಸುಡೋದೇ ಆಗಿದೆ. ಮಳೆಗೆ ಕಾಯಿ ಉದುರುತ್ತೆ, ಕಾಟಿ ನುಗ್ಗುತ್ತೆ, ಮರಗಸಿ ಮಾಡೋಕೆ ಆಳು ಸಿಗಲ್ಲ. ಹೀಗಿರುವಾಗ ಅಪ್ಪ ಆ ಎರಡೆಕರೆ ಬಿಡಿಸಿ ರೋಬಸ್ಟಾ ಹಾಕಬೇಕು ಅಂತ ಯೋಚನೆ ಮಾಡಿದ್ದರಲ್ಲಿ ಆಶ್ಚರ್ಯ ಇಲ್ಲ. ಸಾಲ ಇರೋದು ಅವರ ಹೆಸರಲ್ಲಿ, ನನ್ನ ಹೆಸರಲ್ಲಲ್ಲ. ಬೆಂಗಳೂರಲ್ಲಿ ಏಸಿಯಲ್ಲಿ ಕೂತು "ಕಾಡು ಉಳಿಸಿ" ಅಂತ ಫೋನಲ್ಲಿ ಹೇಳೋದು ಸುಲಭ, ಹಾಗೆ ಹೇಳುವ ಮಗ ಆಗೋದು ನನಗೆ ಬೇಕಿರಲಿಲ್ಲ.

ಮಾರ್ಚ್‌ನಲ್ಲಿ ಊರಿಗೆ ಹೋದೆ. ರಾತ್ರಿ ಊಟ ಆದ ಮೇಲೆ ಲ್ಯಾಪ್‌ಟಾಪಲ್ಲಿ ಫೋಟೋ ತೋರಿಸ್ತಾ ಕೂತೆ. ಉಹುರು ಬೋರ್ಡಿನ ಮುಂದೆ ನಾನು ನಿಂತ ಫೋಟೋ ಬಂದಾಗ ಅಮ್ಮ "ಮುಖ ಎಷ್ಟು ಬಾಡಿದೆ ನೋಡು" ಅಂದಳು. ಅಪ್ಪ ಸುಮ್ಮನಿದ್ದರು. ಕಿಹಂಬಾ ಫೋಟೋ ಬಂದಾಗ ಕನ್ನಡಕ ಹಾಕಿಕೊಂಡು ಹತ್ತಿರ ಬಂದರು. "ನೆರಳು ಜಾಸ್ತಿ ಆಯ್ತು, ಬಾಳೆ ಸ್ವಲ್ಪ ತೆಗೀಬೇಕು" ಅಂತ ತೀರ್ಪು ಕೊಟ್ಟರು. ಆಮೇಲೆ ಬತ್ತಿದ ಕಾಲುವೆಯ ಫೋಟೋ. ಅದರ ಕಥೆ ಹೇಳಿದೆ, ಅರ್ಧ ಮೈಲಿಯ ಕಥೆ. ಉಪದೇಶ ಏನೂ ಮಾಡಲಿಲ್ಲ.

"ಅದು ಅಲ್ಲಿ ಕಣೋ. ನಮ್ಮಲ್ಲಿ ಬೀಳೋ ಮಳೆಗೆ ನೀರು ಎಲ್ಲಿಗೆ ಹೋಗುತ್ತೆ?" ಅಂದರು ಅಪ್ಪ.

"ಹೊಳೆಗೆ ಹೋಗುತ್ತೆ, ಎರಡೇ ದಿನದಲ್ಲಿ" ಅಂದಳು ಅಮ್ಮ, ಅಡುಗೆ ಮನೆಯಿಂದಲೇ. "ಮಾರ್ಚ್ ತಿಂಗಳಲ್ಲಿ ನಲ್ಲಿಗೆ ಬರೋದು ಆ ಕಾಡಿಂದ."

ಅಪ್ಪನ ಮಾತೂ ಸುಳ್ಳಲ್ಲ. ನಮ್ಮಲ್ಲಿ ಮಳೆಗಾಲದಲ್ಲಿ ನೀರು ಹೆಚ್ಚಾಗಿಯೇ ಅನಾಹುತ ಆಗೋದು. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ಕಡೆ ಗುಡ್ಡ ಜರಿದದ್ದು, ಚಾರ್ಮಾಡಿ ಘಾಟಿ ಮುಚ್ಚಿದ್ದು, ಮಲೆಮನೆ, ಮಧುಗುಂಡಿ ಕಡೆ ಜನ ಮನೆ ತೋಟ ಕಳಕೊಂಡದ್ದು ಮರೆಯೋ ಹಾಗಿಲ್ಲ. ಆದರೆ ಅದೇ ಊರುಗಳಲ್ಲಿ ಮಾರ್ಚ್-ಏಪ್ರಿಲ್‌ಗೆ ಕೊಡ ಹಿಡ್ಕೊಂಡು ಓಡಾಡೋರೂ ಇದ್ದಾರೆ. ಇನ್ನೊಂದು ಲೆಕ್ಕವೂ ಇದೆ. ರೋಬಸ್ಟಾಕ್ಕೆ ಹೂಮಳೆ ಕೈಕೊಟ್ಟರೆ ಫೆಬ್ರವರಿ-ಮಾರ್ಚ್‌ನಲ್ಲಿ ಸ್ಪ್ರಿಂಕ್ಲರ್ ಹೊಡೀಲೇಬೇಕು. ಅಬ್ಬಿ ಅತಿ ಸಣ್ಣಗಾಗೋದೂ ಅದೇ ಹೊತ್ತಿಗೆ. ಕಾಡು ತೆಗೆದು ಗಿಡ ಹಾಕಿದರೆ ಆ ಗಿಡಕ್ಕೆ ನೀರು ಎಲ್ಲಿಂದ? ಇದನ್ನ ನಾನು ಹೇಳಲಿಲ್ಲ. ಅಪ್ಪನೇ ಮಾರನೇ ದಿನ ಬೆಳಿಗ್ಗೆ ಕಾಫಿ ಕುಡೀತಾ, ನನ್ನ ಮುಖ ನೋಡದೆ, ತಮ್ಮಷ್ಟಕ್ಕೇ ಹೇಳಿಕೊಂಡರು.

ಆಮೇಲೆ ನಾವಿಬ್ಬರೂ ಒಂದು ಕೆಲಸ ಮಾಡಿದೆವು. ಇಪ್ಪತ್ತು ಲೀಟರಿನ ಬಕೆಟ್ ತಗೊಂಡು ಅಬ್ಬಿ ಪೈಪಿನ ಬಾಯಿಗೆ ಹೋಗಿ, ಮೊಬೈಲಿನ ಸ್ಟಾಪ್‌ವಾಚ್ ಹಾಕಿ ತುಂಬೋಕೆ ಎಷ್ಟು ಹೊತ್ತು ಅಂತ ನೋಡಿದೆವು. 52 ಸೆಕೆಂಡ್. ನಿಮಿಷಕ್ಕೆ 23 ಲೀಟರ್ ಅಂದುಕೊಳ್ಳಿ. "ಇದನ್ನ ಬರ್ಕೋ" ಅಂದರು ಅಪ್ಪ. ಕ್ಯಾಲೆಂಡರಿನಲ್ಲಿ ಆ ದಿನದ ಚೌಕದಲ್ಲಿ ಬರೆದೆ. ಅಲ್ಲಿಂದ ಪ್ರತಿ ತಿಂಗಳ ಒಂದನೇ ತಾರೀಕು ಅಪ್ಪ ಅಳೆದು ನನಗೆ ಫೋನ್ ಮಾಡ್ತಾರೆ, ನಾನು ಸ್ಪ್ರೆಡ್‌ಶೀಟಿಗೆ ಹಾಕ್ತೀನಿ. ಏಪ್ರಿಲ್ 61, ಮೇ 58. ಜುಲೈ 1ಕ್ಕೆ ಫೋನ್ ಮಾಡಿ "ಬಕೆಟ್ ನಿಲ್ಲಲ್ಲ ಮಾರಾಯ, ಒದ್ದುಕೊಂಡು ಹೋಗುತ್ತೆ" ಅಂದರು. ಆ ಸಾಲಿನಲ್ಲಿ 'ಅಳೆಯಲಾಗಲಿಲ್ಲ' ಅಂತ ಬರೆದಿದ್ದೇನೆ.

ಎರಡೆಕರೆಯ ಮಾತು ಮುಗಿದಿದೆ ಅಂತ ನಾನು ಹೇಳಲ್ಲ. ಆ ವರ್ಷದ ಮಟ್ಟಿಗೆ ಅಪ್ಪ ರೋಬಸ್ಟಾ ಸಸಿಗಳನ್ನ ಕೆಳಗಿನ ಹಡ್ಲಿನ ಅಂಚಿಗೆ, ಬೋರರ್ ಹೊಡೆದು ಖಾಲಿ ಬಿದ್ದಿದ್ದ ಅರೇಬಿಕಾ ಜಾಗಕ್ಕೆ ಹಾಕಿಸಿದರು. ರೇಟು ಇನ್ನೊಮ್ಮೆ ಏರಿದರೆ, ಒಂದು ಮಳೆಗಾಲ ಕೈಕೊಟ್ಟರೆ, ಮಾತು ಮತ್ತೆ ಏಳಬಹುದು. ಆಗ ಮನೆಯಲ್ಲಿ ಜಗಳ ಆಡೋಕೆ ನಮ್ಮ ಹತ್ತಿರ ನಮ್ಮದೇ ಲೆಕ್ಕ ಇರುತ್ತೆ. ಆಫ್ರಿಕಾದ್ದಲ್ಲ, ಜಾವಳಿಯದ್ದು.

ಟ್ರೆಕ್ಕಿಗೆ ಹೋಗುವ ಗೆಳೆಯರಿಗೆ ಒಂದು ಮಾತು. ಕಿಲಿಮಂಜಾರೋ ಆಗಲಿ, ಮುಳ್ಳಯ್ಯನಗಿರಿ ಆಗಲಿ, ನಾವು ಫೋಟೋ ತೆಗೆಯೋದು ತುದಿಯಲ್ಲಿ. ಕಾಡಿನ ಭಾಗವನ್ನ 'ಇನ್ನೂ ಎಷ್ಟು ದೂರ' ಅಂತ ಕೇಳ್ತಾ ದಾಟಿಬಿಡ್ತೀವಿ. ಮುಂದಿನ ಸಲ ಹೋದಾಗ ಅಲ್ಲಿ ಒಂದು ಹತ್ತು ನಿಮಿಷ ಸುಮ್ಮನೆ ನಿಲ್ಲಿ. ಮಳೆ ಇಲ್ಲದಿದ್ದರೂ ಹನಿ ಬೀಳೋದು ಕೇಳುತ್ತೆ.

ನಿಮ್ಮ ಮನೆಗೂ ಅಬ್ಬಿ ನೀರು ಬರ್ತಿದ್ದರೆ ಒಂದು ಬಕೆಟ್, ಒಂದು ಗಡಿಯಾರ ಸಾಕು. ಅಳೆದು ನಿಮ್ಮ ಬ್ಲಾಗಲ್ಲಿ ಹಾಕಿ, ನಾನು ನನ್ನ ಪಟ್ಟಿಗೆ ಸೇರಿಸ್ಕೊಳ್ತೀನಿ. ಕಳಸ, ಶೃಂಗೇರಿ, ಸಕಲೇಶಪುರ, ಕೊಡಗಿನವರು ಇಲ್ಲಿ ಓದ್ತೀರಿ ಅಂತ ಗೊತ್ತು. ತಪ್ಪಿಸ್ಕೋಬೇಡಿ :)